ಕ್ಯಾಮೆರಾ ದೂರದಿಂದ ನೋಡಲು: ಫೈಬರ್ ಬೇಕೋ, ಸಿಮ್ ರೂಟರ್ ಸಾಕೋ?

ಊರಿನ ತೋಟದ ಮನೆಯ ಕ್ಯಾಮೆರಾವನ್ನು ಬೆಂಗಳೂರಿನಲ್ಲಿ ಕೂತು ನೋಡಬೇಕೆಂದರೆ ಡೌನ್‌ಲೋಡ್‌ಗಿಂತ ಆ ಮನೆಯ ಅಪ್‌ಲೋಡ್ ವೇಗ ಮುಖ್ಯ. 1080ಪಿ ಕ್ಯಾಮೆರಾ ಒಂದಕ್ಕೆ ಸುಮಾರು 2 ಎಂಬಿಪಿಎಸ್ ಹಿಡಿಯಿರಿ, ನಾಲ್ಕಿದ್ದರೆ 8. ಫೈಬರ್‌ಗೆ ಇದು ಲೆಕ್ಕಕ್ಕೇ ಇಲ್ಲ. 4ಜಿ ಸಿಮ್ ರೂಟರ್‌ನಲ್ಲಿ ಮಾತ್ರ, ಸಂಜೆ ಟವರ್ ಮೇಲೆ ಹೊರೆ ಬಿದ್ದರೆ ವಿಡಿಯೋ ನಿಂತು ನಿಂತು ಬರುತ್ತದೆ. ಡೇಟಾ ಇನ್ನೂ ದೊಡ್ಡ ತಲೆನೋವು: ಇದೇ ವೇಗದಲ್ಲಿ ಒಂದು ಕ್ಯಾಮೆರಾ ದಿನವಿಡೀ ಕ್ಲೌಡ್‌ಗೆ ಕಳಿಸಿದರೆ 21 ಜಿಬಿ ದಾಟುತ್ತದೆ. ದಿನಕ್ಕೆ 2 ಜಿಬಿಯ ಪ್ಲಾನ್ ಎಲ್ಲಿ ಸಾಲುತ್ತದೆ? ಸಿಮ್ ಆದರೆ ರೆಕಾರ್ಡಿಂಗ್ ಮೆಮೊರಿ ಕಾರ್ಡ್‌ನಲ್ಲೇ ಇರಲಿ, ಬೇಕಾದಾಗಷ್ಟೇ ಲೈವ್ ನೋಡಿ.

ಪೋರ್ಟ್ ಫಾರ್ವರ್ಡಿಂಗ್ (ಹೊರಗಿನಿಂದ ಕ್ಯಾಮೆರಾ ತಲುಪಲು ರೂಟರ್‌ನಲ್ಲಿ ದಾರಿ ತೆರೆಯುವುದು) ಗೋಜು ಎರಡರಲ್ಲೂ ಬೇಡ. ಕ್ಯಾಮೆರಾದ ಕ್ಯೂಆರ್ ಸ್ಕ್ಯಾನ್ ಮಾಡಿ ಅದರ ಆಪ್‌ಗೆ ಸೇರಿಸಿ, ಪಾಸ್‌ವರ್ಡ್ ತಪ್ಪದೆ ಬದಲಿಸಿ.

ಲೈನ್ ಬರುವ ಕಡೆ ಫೈಬರ್ರೇ ಹಾಕಿಸಿ. ಕರೆಂಟ್ ಹೋದಾಗಲೂ ಕಾಣಬೇಕಾದರೆ ರೂಟರ್ ಜೊತೆ ಕ್ಯಾಮೆರಾಗಳಿಗೂ ಯುಪಿಎಸ್ ಬೇಕು.