ರೆಡಿಮೇಡ್ ಗೇನ್ ಬೋರ್ಡ್ ಕೊಳ್ಳುವ ಮುಂಚೆ ಮೂರನೇ ಪಿನ್ ನೋಡಿ

ಸೆನ್ಸರಿನ ಸಣ್ಣ ಸಿಗ್ನಲ್ ಅನ್ನು ದೊಡ್ಡದು ಮಾಡುವ ಎಂಸಿಪಿ6ಎಸ್21 ಚಿಪ್ ಇರುವ ರೆಡಿಮೇಡ್ ಬೋರ್ಡನ್ನು ಆನ್‌ಲೈನ್‌ನಲ್ಲಿ ತರಿಸುವ ಯೋಚನೆ ಇದ್ದರೆ ಸ್ವಲ್ಪ ತಡೆಯಿರಿ. ನಮಗೆ ಬಂದ ಬೋರ್ಡಿನಲ್ಲಿ ಚಿಪ್ ಅಸಲಿಯೇ ಇತ್ತು, ಕೆಟ್ಟದ್ದು ಅದರ ಸುತ್ತ ಹಾಕಿದ ಸರ್ಕ್ಯೂಟ್. ಕಾರವಾರ, ಕುಮಟಾ, ಶಿರಸಿ ಕಡೆ ಪ್ರಾಜೆಕ್ಟ್ ಮಾಡುತ್ತಿರುವ ಹುಡುಗ ಹುಡುಗಿಯರು ದಯವಿಟ್ಟು ಓದಿ.

ಕಾಳಿ ನದಿ ಸಮುದ್ರ ಸೇರುವ ಕೋಡಿಬಾಗದ ಹತ್ತಿರ ಉಬ್ಬರ ಇಳಿತ ಅಳೆಯಬೇಕಿತ್ತು. ಪೈಪಿನೊಳಗೆ ಪ್ರೆಶರ್ ಸೆನ್ಸರ್ ಇಳಿಬಿಟ್ಟಿದ್ದೆವು. ಅಮಾವಾಸ್ಯೆ, ಹುಣ್ಣಿಮೆಗೆ ನೀರಿನ ಏರಿಳಿತ ಜಾಸ್ತಿ, ಅಷ್ಟಮಿ ಹೊತ್ತಿಗೆ ಕಡಿಮೆ. ಹಾಗಾಗಿ ಗೇನ್, ಅಂದರೆ ಸಿಗ್ನಲ್ ಎಷ್ಟು ಪಟ್ಟು ದೊಡ್ಡದಾಗಬೇಕು ಅನ್ನುವುದನ್ನು, ಆರ್ಡುಯಿನೊ ಎಂಬ ಪುಟ್ಟ ಕಂಟ್ರೋಲರ್ ಬೋರ್ಡಿನಿಂದಲೇ ಬದಲಿಸಬೇಕಿತ್ತು. ಈ ಚಿಪ್ ಎಸ್‌ಪಿಐ (ಚಿಪ್‌ಗಳು ಮಾತಾಡಿಕೊಳ್ಳುವ ತಂತಿ ಸಂಪರ್ಕ) ಮೂಲಕ 1, 2, 4, 5, 8, 10, 16, 32 ಹೀಗೆ ಎಂಟು ಗೇನ್ ಕೊಡುತ್ತದೆ. ಒಳ್ಳೆಯ ಚಿಪ್, ಈಗಲೂ ಅದೇ ಹೇಳುತ್ತೇನೆ.

ಆದರೆ 8 ಇಟ್ಟರೂ 32 ಇಟ್ಟರೂ ಗ್ರಾಫ್ ಹೆಚ್ಚುಕಡಿಮೆ ಒಂದೇ. ಮೊದಲು ಕೋಡ್ ಮೇಲೆ ಅನುಮಾನ ಬಂತು. ಆಮೇಲೆ ಉಪ್ಪುಗಾಳಿಗೆ ಕನೆಕ್ಟರ್ ಕಿಲುಬು ಹಿಡಿದಿರಬೇಕು ಅಂದುಕೊಂಡೆವು. ಎರಡೂ ಅಲ್ಲ. ಬೋರ್ಡನ್ನು ಟೇಬಲ್ ಮೇಲಿಟ್ಟು ಇನ್‌ಪುಟ್‌ಗೆ 2.6 ವೋಲ್ಟ್ ಕೊಟ್ಟೆವು. ರೆಫರೆನ್ಸ್, ಅಂದರೆ ಚಿಪ್ ಇನ್‌ಪುಟ್ ಅನ್ನು ಹೋಲಿಸಿ ನೋಡುವ ವೋಲ್ಟೇಜ್, 2.5 ವೋಲ್ಟ್. ಗೇನ್ 8 ಇದ್ದರೆ ನಡುವಿನ 0.1 ವೋಲ್ಟ್ ಎಂಟು ಪಟ್ಟಾಗಿ ಔಟ್‌ಪುಟ್ 3.3 ಬರಬೇಕು. ಮೀಟರ್ ತೋರಿಸಿದ್ದು 2.68ರ ಆಸುಪಾಸು! ಮೂರನೇ ಪಿನ್, ಅಂದರೆ ಆ ರೆಫರೆನ್ಸ್ ಬರುವ ವಿ-ರೆಫ್ ಮೇಲೆ ಪ್ರೋಬ್ ಇಟ್ಟರೆ 2.5 ಇರಬೇಕಾದಲ್ಲಿ 2.59 ಇತ್ತು.

ಬೋರ್ಡ್ ತಿರುಗಿಸಿ ನೋಡಿದಾಗ ವಿಷಯ ಗೊತ್ತಾಯಿತು. 5 ವೋಲ್ಟ್‌ಗೆ 10 ಕಿಲೋಓಮ್‌ನ ಎರಡು ರೆಸಿಸ್ಟರ್ ಹಾಕಿ, ನಡುವಿನಿಂದ ಸೀದಾ ವಿ-ರೆಫ್‌ಗೆ ಎಳೆದಿದ್ದಾರೆ. ಮಧ್ಯೆ ಬಫರ್, ಅಂದರೆ ಕರೆಂಟ್ ಎಳೆದರೂ ವೋಲ್ಟೇಜ್ ಕದಲದಂತೆ ಹಿಡಿಯುವ ಸರ್ಕ್ಯೂಟ್, ಇಲ್ಲ. ಗೇನ್ ತೀರ್ಮಾನಿಸುವ ರೆಸಿಸ್ಟರ್ ಸಾಲು ಚಿಪ್ಪಿನೊಳಗೆ ಔಟ್‌ಪುಟ್‌ನಿಂದ ಇದೇ ಪಿನ್‌ವರೆಗೆ ಇದೆ, ಒಟ್ಟು ಸುಮಾರು 5 ಕಿಲೋಓಮ್. ಗೇನ್ 32 ಬೇಕಾದರೆ ಅದರ ಕೆಳಗಿನ ಭಾಗ 150 ಓಮ್ ಆಸುಪಾಸು ಇರಬೇಕು. ಹೊರಗಿನ ಎರಡು ರೆಸಿಸ್ಟರ್ ಪಿನ್ ಕಡೆಯಿಂದ ನೋಡಿದರೆ ಪ್ಯಾರಲಲ್ ಆಗಿ ಸೇರಿ ಅದಕ್ಕೆ ಇನ್ನೂ 5 ಕಿಲೋಓಮ್ ಕೂಡಿಸುತ್ತವೆ. ಒಟ್ಟನ್ನು ಕೆಳಗಿನ ಭಾಗದಿಂದ ಭಾಗಿಸಿದರೆ ಗೇನ್; ಲೆಕ್ಕ ಹಾಕಿ ನೋಡಿ, 2 ಕೂಡ ದಾಟುವುದಿಲ್ಲ. ಈ ಪಿನ್‌ಗೆ ಕಡಿಮೆ ಇಂಪೀಡೆನ್ಸ್‌ನ (ಒಳತಡೆಯ) ಸೋರ್ಸ್ ಬೇಕು ಅಂತ ಡೇಟಾಶೀಟ್‌ನಲ್ಲೇ ಇದೆ.

ಮಾರಿದವರಿಗೆ ಫೋನ್ ಮಾಡಿದರೆ, "1 ಕಿಲೋಹರ್ಟ್ಸ್ ಕೊಟ್ಟು ಟೆಸ್ಟ್ ಮಾಡಿದ್ದೇವೆ ಸರ್, ಸರಿಯಾಗಿದೆ" ಅಂದರು. ಅದು ಸುಳ್ಳಲ್ಲ. ಪಿನ್ ಮೇಲೆ 10 ಮೈಕ್ರೊಫ್ಯಾರಡ್ ಕೆಪಾಸಿಟರ್ ಇದೆ. 1 ಕಿಲೋಹರ್ಟ್ಸ್‌ಗೆ ಅದು ಬರೀ 16 ಓಮ್, ಹಾಗಾಗಿ ಗೇನ್ ಹೆಚ್ಚುಕಡಿಮೆ ಸರಿ ಬರುತ್ತದೆ. ಆದರೆ ಒಂದು ಉಬ್ಬರದಿಂದ ಇನ್ನೊಂದಕ್ಕೆ 12 ಗಂಟೆ 25 ನಿಮಿಷ! ಅಷ್ಟು ನಿಧಾನದ ಸಿಗ್ನಲ್‌ಗೆ ಆ ಕೆಪಾಸಿಟರ್ ಇದ್ದೂ ಇಲ್ಲದ ಹಾಗೆ. ಆಡಿಯೊಗೆ ಮಾತ್ರ ಆಗುವ ಬೋರ್ಡನ್ನು "ಸೆನ್ಸರ್ ಆಂಪ್ಲಿಫೈಯರ್" ಅಂತ ಮಾರಿದ್ದು ನನಗೆ ನಿಜಕ್ಕೂ ಸಿಟ್ಟು ತರಿಸಿತು. ಲೋಡ್ ಸೆಲ್ (ತೂಕದ ಸೆನ್ಸರ್), ಟೆಂಪರೇಚರ್, ನೀರಿನ ಮಟ್ಟ ಯಾವುದಕ್ಕೂ ಅದು ಸಲ್ಲದು. ದುಡ್ಡೂ ವಾಪಸ್ ಬರಲಿಲ್ಲ.

ಈಗಾಗಲೇ ತರಿಸಿದ್ದರೆ ವಾಪಸ್ ಮಾಡುವ ಗಡುವು ಮುಗಿಯುವ ಮೊದಲೇ 2.6 ವೋಲ್ಟ್ ಕೊಟ್ಟು ನೋಡಿ. ಗಡುವು ದಾಟಿದ್ದರೆ ವಿ-ರೆಫ್‌ಗೆ ಹೋಗುವ ಟ್ರ್ಯಾಕ್ ಕತ್ತರಿಸಿ, ನಡುವೆ ಎಂಸಿಪಿ6001 ಆಪ್-ಆಂಪನ್ನು ಬಫರ್ ಆಗಿ ಹಾಕಿ. ಆ 10 ಮೈಕ್ರೊಫ್ಯಾರಡ್ ಮಾತ್ರ ರೆಸಿಸ್ಟರ್‌ಗಳ ಕಡೆಯೇ ಇರಲಿ. ಬಫರ್‌ನ ಔಟ್‌ಪುಟ್ ಮೇಲೆ ಬಿಟ್ಟರೆ ಬಫರ್ ಆಸಿಲೇಟ್ ಆಗಬಹುದು, ಅಂದರೆ ಅದರ ವೋಲ್ಟೇಜ್ ತಾನಾಗಿಯೇ ಏರಿಳಿಯತೊಡಗಬಹುದು.