ಅಣ್ಣ ತಂದ ಫ್ಯಾಮಿಕಾಮ್, ಅಟ್ಟದಲ್ಲಿದ್ದ ಕ್ಯಾಸೆಟ್‌ಗಳು

ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಟಿವಿ ಗೇಮ್ ಅಂದ್ರೆ ಒಂದೇ. ಯಾವ ಕಂಪನಿಯದು ಅಂತ ಯಾರೂ ಕೇಳುತ್ತಿರಲಿಲ್ಲ. ಕ್ಯಾಸೆಟ್ ಹಾಕು, ಬರಲಿಲ್ಲವಾ, ತೆಗೆದು ಊದು, ಮತ್ತೆ ಹಾಕು. ನಿಂಟೆಂಡೊ 1983ರಲ್ಲಿ ಜಪಾನಿನಲ್ಲಿ ಬಿಟ್ಟ ಫ್ಯಾಮಿಕಾಮ್ ಅನ್ನೋ ಗೇಮ್ ಯಂತ್ರದ ನಕಲು ಅದು ಅಂತ ನನಗೆ ಗೊತ್ತಾಗಿದ್ದು ಕಾಲೇಜು ಮುಗಿದ ಮೇಲೆ. ಈ ಬೇಸಿಗೆಯಲ್ಲಿ, ಟೋಕಿಯೋದಲ್ಲಿ ಕೆಲಸ ಮಾಡುವ ಅಣ್ಣ ರಜಕ್ಕೆ ಬರುವಾಗ ಅಸಲಿ ಯಂತ್ರವನ್ನೇ ತಂದ. 1993ರಲ್ಲಿ ಬಂದ ಎವಿ ಮಾದರಿ, ಅಂದ್ರೆ ಹಳದಿ-ಬಿಳಿ ಪಿನ್ನಿನ ವೈರು ಹಾಕಿ ಹಳೇ ಡಬ್ಬ ಟಿವಿಗೆ ನೇರವಾಗಿ ಜೋಡಿಸಬಹುದು. ಅಟ್ಟದಿಂದ ನಮ್ಮ ಕ್ಯಾಸೆಟ್‌ಗಳನ್ನು ಇಳಿಸಿ ನೋಡಿದರೆ ಅದೇ 60 ಪಿನ್ನು, ಕಟ್ ಅಂತ ಕೂತವು. ಮೂರು ವಾರದಿಂದ ಊಟ ಆದ ಮೇಲೆ ನಮಗೆ ಇದೇ ಕೆಲಸ.

ಮೊದಲ ದಿನವೇ ಒಂದು ವಿಷಯ ತಲೆ ಕೆಡಿಸಿತು. ಕಾಂಟ್ರಾ ಹಾಕಿದೆ, ಮೊದಲ ಸ್ಟೇಜಿನಲ್ಲೇ ಮೂರೂ ಲೈಫ್ ಹೋಯಿತು. ವೈರಿಗಳು ಓಡುವುದು ಜೋರು, ಗುಂಡು ಜೋರು, ಹಾಡೂ ಜೋರು. ಶ್ರುತಿ ಅದೇ, ಲಯ ಮಾತ್ರ ಚುರುಕು. ಅಣ್ಣನೂ ನಾನೂ ಕೂತು ಲೆಕ್ಕ ಹಾಕಿದಾಗ ಹೊಳೆಯಿತು. ನಮ್ಮ ದೇಶದ ಡಬ್ಬ ಟಿವಿಗಳು ಪಾಲ್ ಪದ್ಧತಿ, ಸೆಕೆಂಡಿಗೆ 50 ಸಲ ಚಿತ್ರ ಬದಲಾಗುತ್ತದೆ. ಜಪಾನಿನ ಪದ್ಧತಿ ಎನ್‌ಟಿಎಸ್‌ಸಿ, ಅದರಲ್ಲಿ 60 ಸಲ. ಆ ಕಾಲದ ಆಟಗಳು ಪ್ರತಿ ಚಿತ್ರಕ್ಕೂ ಒಂದೊಂದು ಹೆಜ್ಜೆ ಇಡುತ್ತಿದ್ದವು, ಹಾಗಾಗಿ ಪಾಲ್‌ಗೆ ಹೊಂದಿಸಿದ ನಕಲು ಯಂತ್ರದಲ್ಲಿ ನಾವು ಆಡಿದ್ದೆಲ್ಲಾ ಆರನೇ ಒಂದು ಭಾಗ ನಿಧಾನ. ನಾವು ಬಾಯಿಪಾಠ ಮಾಡಿದ ಕಾಂಟ್ರಾ ಬೇರೆಯದೇ ಆಗಿತ್ತು! ನಂಬಿಕೆ ಬರದೆ ಅದೇ ಕ್ಯಾಸೆಟ್ಟನ್ನು ಹಳೇ ನಕಲು ಯಂತ್ರಕ್ಕೆ ಹಾಕಿ ಆಡಿದೆ. ಕೈ ತಾನಾಗೇ ಓಡಿತು.

ಹಾಗಾಗಿ ಎಲ್ಲಾ ಆಟಗಳನ್ನೂ ಹೊಸದಾಗಿ ತೂಗಿ ನೋಡಬೇಕಾಯಿತು. ನೆನಪಿನ ಮೇಲೆ ಅಂಕ ಕೊಡುವ ಹಾಗಿರಲಿಲ್ಲ.

ಮಾರಿಯೋ ಬಗ್ಗೆ ನನಗೆ ಎರಡು ಮಾತಿಲ್ಲ. 1985ರ ಆಟ, ಇಡೀ ಆಟದ ಗಾತ್ರ 40 ಕಿಲೋಬೈಟ್. ಜಾಗ ಉಳಿಸಲು ಮೋಡಕ್ಕೂ ಪೊದೆಗೂ ಒಂದೇ ಚಿತ್ರ ಬಳಸಿದ್ದಾರೆ, ಬಣ್ಣ ಮಾತ್ರ ಬೇರೆ, ಟಿವಿ ಹತ್ತಿರ ಕೂತು ನೋಡಿ, ಗೊತ್ತಾಗುತ್ತದೆ. ಆದರೆ ಆ ಜಿಗಿತ ಇದೆಯಲ್ಲ! ಬಟನ್ ಎಷ್ಟು ಹೊತ್ತು ಒತ್ತುತ್ತೀರೋ ಅಷ್ಟು ಎತ್ತರ, ಗಾಳಿಯಲ್ಲಿದ್ದಾಗಲೂ ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳಬಹುದು. ಗುಂಡಿಗೆ ಬಿದ್ದರೆ ತಪ್ಪು ನಮ್ಮದೇ ಅಂತ ಬಿದ್ದ ತಕ್ಷಣ ಗೊತ್ತಾಗುತ್ತದೆ, ಅದಕ್ಕೇ ಮತ್ತೆ ಆಡಬೇಕು ಅನಿಸುತ್ತದೆ.

ಅದೇ ವರ್ಷ, ಅದೇ ಕಂಪನಿ, ಕೆಲವೇ ತಿಂಗಳು ಮುಂಚೆ ಬಂದ ಐಸ್ ಕ್ಲೈಂಬರ್ ಹಾಕಿ ನೋಡಿ. ಸುತ್ತಿಗೆ ಹಿಡಿದು ಮಂಜಿನ ಛಾವಣಿ ಒಡೆದುಕೊಂಡು ಮೇಲೆ ಹತ್ತುವ ಆಟ. ಚಿಕ್ಕವನಿದ್ದಾಗ ನನಗೆ ಪ್ರಾಣ. ಈಗ ಆಡಿದರೆ ಬೇಜಾರು. ನೆಟ್ಟಗೆ ಮೇಲಕ್ಕೆ ಹಾರುತ್ತಾನೆ, ಪಕ್ಕಕ್ಕೆ ಹೋಗು ಅಂದ್ರೆ ಒಂದು ಗೇಣು ಹೋಗುತ್ತಾನೆ. ಅಂಚಿನ ಮೇಲೆ ಕಾಲು ಇಟ್ಟ ಹಾಗೆ ಕಾಣುತ್ತದೆ, ಆದರೂ ಜಾರಿ ಕೆಳಗೆ ಬೀಳುತ್ತಾನೆ. ಇದನ್ನು ಕಷ್ಟದ ಆಟ ಅಂತ ಹೊಗಳುವವರಿದ್ದಾರೆ, ನಾನು ಒಪ್ಪಲ್ಲ. ಕಲಿತರೆ ನೀಗುವ ಕಷ್ಟ ಬೇರೆ, ಸುಮ್ನೆ ಲೈಫ್ ತಿನ್ನುವ ಕಷ್ಟ ಬೇರೆ.

ಕಾರ್ ರೇಸಿನ ರೋಡ್ ಫೈಟರ್ ಹತ್ತು ನಿಮಿಷಕ್ಕೆ ಚೆನ್ನ, ಅಷ್ಟೇ.

ಬಾತುಕೋಳಿ ಹೊಡೆಯುವ ಡಕ್ ಹಂಟ್‌ಗೆ ಡಬ್ಬ ಟಿವಿಯೇ ಬೇಕು. ಗನ್ ಒತ್ತಿದ ಕ್ಷಣ ಪರದೆ ಪೂರ್ತಿ ಕಪ್ಪಾಗಿ, ಬಾತುಕೋಳಿ ಇದ್ದ ಕಡೆ ಮಾತ್ರ ಬಿಳಿ ಚೌಕ ಮಿಂಚುತ್ತದೆ. ಗನ್ ಒಳಗಿನ ಕಣ್ಣು ಆ ಬೆಳಕನ್ನು ಕಂಡರೆ ಏಟು ಬಿತ್ತು ಅಂತ ಲೆಕ್ಕ. ಈಗಿನ ಟಿವಿಗಳಲ್ಲಿ ಚಿತ್ರ ಬರುವುದು ಚೂರು ತಡ, ಗನ್‌ಗೆ ಅದು ಸಿಗುವುದೇ ಇಲ್ಲ.

ನನ್ನ ಪಾಲಿಗೆ ಇವೆಲ್ಲದರ ಮೇಲೆ ನಿಲ್ಲುವುದು ಟ್ಯಾಂಕ್ ಗೇಮ್. ಹೆಸರು ಬ್ಯಾಟಲ್ ಸಿಟಿ, 1985ರಲ್ಲಿ ನ್ಯಾಮ್ಕೊ ಮಾಡಿದ್ದು. ಅಮೆರಿಕದ ನಿಂಟೆಂಡೊ ಯಂತ್ರಕ್ಕೆ ಇದು ಬರಲೇ ಇಲ್ಲ, ನಮ್ಮ ಊರಿನ ಮಕ್ಕಳಿಗೆ ಕಳ್ಳ ಕ್ಯಾಸೆಟ್‌ನಿಂದ ಸಿಕ್ಕಿತು. ಸ್ಟೇಜಿಗೆ 20 ಟ್ಯಾಂಕ್, ಕೆಳಗೆ ಇಟ್ಟಿಗೆ ಗೋಡೆಯೊಳಗೆ ಕಾಯಬೇಕಾದ ಹದ್ದು. 4ನೇ, 11ನೇ, 18ನೇ ಟ್ಯಾಂಕ್ ಮಿನುಗುತ್ತಾ ಬರುತ್ತದೆ, ಅದಕ್ಕೆ ಹೊಡೆದರೆ ಸಲಿಕೆಯೋ ನಕ್ಷತ್ರವೋ ಏನಾದರೊಂದು ಸಿಗುತ್ತದೆ. ಮೂರು ನಕ್ಷತ್ರ ಆದರೆ ಉಕ್ಕಿನ ಗೋಡೆಯನ್ನೂ ಒಡೆಯಬಹುದು. ಆದರೆ ಈ ಆಟದ ಜೀವ ಇರುವುದು ಇಬ್ಬರು ಆಡುವಾಗ. ಜೊತೆಯವನಿಗೆ ಗುಂಡು ತಾಗಿದರೆ ಅವನು ಸಾಯಲ್ಲ, ಸ್ವಲ್ಪ ಹೊತ್ತು ನಿಂತಲ್ಲೇ ಮರಗಟ್ಟುತ್ತಾನೆ. ಅಷ್ಟರಲ್ಲಿ ವೈರಿ ಬಂದು ಹದ್ದನ್ನು ಹೊಡೆದರೆ ಜಗಳ ಶುರು. "ಏ ಕಣ್ಣು ಕಾಣಲ್ವೇನೋ, ನಂಗ್ಯಾಕೆ ಹೊಡೀತಿ!" ಅಂತ ಅಣ್ಣ ಕೂಗಿದ್ದಕ್ಕೆ ಅಡುಗೆಮನೆಯಿಂದ ಅಮ್ಮ ಓಡಿ ಬಂದರು. ಅವನಿಗೆ ನಲವತ್ತೆರಡು ವರ್ಷ.

ಇದರಲ್ಲಿ ನಮ್ಮದೇ ಸ್ಟೇಜ್ ಕಟ್ಟಬಹುದು. ಅಣ್ಣನ ಮಗಳು, ಎಂಟು ವರ್ಷ, ಅದನ್ನು ತಾನೇ ಹುಡುಕಿಕೊಂಡು ಹದ್ದಿನ ಸುತ್ತ ಉಕ್ಕು, ಅದರ ಸುತ್ತ ನೀರು ಕಟ್ಟಿದಳು. ನಾನೂ ಅವನೂ ಆಗ ಕಟ್ಟುತ್ತಿದ್ದದ್ದು ಅದೇ ಕೋಟೆ, ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ.

ಕೊಳ್ಳುವ ಯೋಚನೆ ಇದ್ದರೆ ಎವಿ ಮಾದರಿಯನ್ನೇ ತೊಗೊಳ್ಳಿ. 1983ರದ್ದು ಬಿಳಿ-ಕೆಂಪು, ನೋಡಲು ಚೆಂದ, ಆದರೆ ಆಂಟೆನಾ ವೈರಿನಿಂದ ಮಾತ್ರ ಚಿತ್ರ ಬರುತ್ತದೆ. ಜಪಾನಿನ ಅಡಾಪ್ಟರ್ 100 ವೋಲ್ಟಿನದು, ನಮ್ಮ 230ಕ್ಕೆ ಸಿಕ್ಕಿಸಿದರೆ ಸುಟ್ಟುಹೋಗುತ್ತದೆ, ಮಧ್ಯೆ ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಹಾಕಲೇಬೇಕು. ನಿಮ್ಮ ಡಬ್ಬ ಟಿವಿ ಎನ್‌ಟಿಎಸ್‌ಸಿ ತೊಗೊಳ್ಳುತ್ತಾ ಅಂತಲೂ ಮೊದಲೇ ನೋಡಿಕೊಳ್ಳಿ, ಇಲ್ಲದಿದ್ದರೆ ಚಿತ್ರ ಕಪ್ಪು-ಬಿಳುಪು ಬಂದು ಉರುಳುತ್ತಿರುತ್ತದೆ. ಮತ್ತೆ ಎರಡು ಕಂಟ್ರೋಲರ್ ಇದೆಯಾ ಕೇಳಿ. ಒಂದೇ ಇದ್ದರೆ ಬಿಟ್ಟುಬಿಡಿ, ಎರಡಿರೋದು ಸಿಗೋವರೆಗೂ ಕಾಯಿರಿ.