ಗೆರೆಯಾಚೆ ನಿಂತವರನ್ನು ನೋಡಲು ಒಂದು ಚಂದಾ: ತೀರ್ಥಹಳ್ಳಿಯಿಂದ ಎನ್‌ಎಫ್‌ಎಲ್ ಗೇಮ್ ಪಾಸ್

ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಪಂದ್ಯಗಳನ್ನು ಡಾಜೋನ್ ಆ್ಯಪ್ ಮೂಲಕ ತೋರಿಸುವ ಎನ್‌ಎಫ್‌ಎಲ್ ಗೇಮ್ ಪಾಸ್‌ಗೆ ತೀರ್ಥಹಳ್ಳಿಯಲ್ಲಿ ಕುಳಿತು ಚಂದಾ ಕಟ್ಟಬೇಕೇ? ಚೆಂಡು ಹಿಡಿದು ಓಡುವವರನ್ನಷ್ಟೇ ನೋಡುವವರಿಗೆ ಅದು ದುಬಾರಿಯೇ ಸರಿ. ಗೆರೆಯಾಚೆ ಹೆಡ್‌ಸೆಟ್ ಹಾಕಿ ನಿಂತ ಕೋಚ್‌ಗಳನ್ನು, ಅದರಲ್ಲೂ ಹಿಂದೆ ಇದೇ ಲೀಗಿನಲ್ಲಿ ಆಡಿದ್ದ ಕೋಚ್‌ಗಳನ್ನು ಗಮನಿಸುವವರಿಗೆ ಕೊಟ್ಟ ಹಣ ದಕ್ಕುತ್ತದೆ.

2024ರಲ್ಲಿ ಟಿ20 ವಿಶ್ವಕಪ್ ಗೆದ್ದಾಗ ನಮ್ಮ ದ್ರಾವಿಡ್ ಕೋಚ್ ಆಗಿದ್ದರೂ, ಪಂದ್ಯ ಶುರುವಾದ ಮೇಲೆ ಮೈದಾನದ ತೀರ್ಮಾನಗಳೆಲ್ಲ ನಾಯಕನವು. ಇಲ್ಲಿ ಹಾಗಲ್ಲ. ಪಂದ್ಯ ಸಣ್ಣ ಸಣ್ಣ ಆಟಗಳಾಗಿ ಸಾಗುತ್ತದೆ; ಒಂದು ಆಟ ಮುಗಿದು ಮುಂದಿನದು ಶುರುವಾಗಲು ಸಾಮಾನ್ಯವಾಗಿ 40 ಸೆಕೆಂಡು ಸಿಗುತ್ತದೆ. ಯಾವ ತಂತ್ರ ಆಡಬೇಕೆಂಬ ಸೂಚನೆ ಗೆರೆಯಾಚೆಯಿಂದ, ದಾಳಿಯನ್ನು ನಡೆಸುತ್ತ ಚೆಂಡು ಎಸೆಯುವ ಆಟಗಾರನಾದ ಕ್ವಾರ್ಟರ್‌ಬ್ಯಾಕ್‌ನ ಹೆಲ್ಮೆಟ್‌ನೊಳಗಿನ ರೇಡಿಯೊಗೆ ಬರುತ್ತದೆ, ಮತ್ತು 15 ಸೆಕೆಂಡು ಉಳಿದಾಗ ಆ ಸಂಪರ್ಕ ತಾನಾಗಿ ಕಡಿದುಹೋಗುತ್ತದೆ. ಅಂಥ ಹೆಲ್ಮೆಟ್‌ನ ಹಿಂಬದಿಯಲ್ಲಿ ಪುಟ್ಟದೊಂದು ಹಸಿರು ಚುಕ್ಕೆ ಇರುತ್ತದೆ. ಅದನ್ನು ಗುರುತಿಸಲು ಕಲಿತರೆ ಆಟ ಅರ್ಧ ಅರ್ಥವಾದಂತೆ.

ಡಗ್ ಪೆಡರ್‌ಸನ್ ಅವರನ್ನೇ ನೋಡಿ. ಗ್ರೀನ್ ಬೇ ತಂಡದಲ್ಲಿ ಕ್ವಾರ್ಟರ್‌ಬ್ಯಾಕ್ ಬ್ರೆಟ್ ಫಾರ್ವ್‌ಗೆ ಬದಲಿ ಆಟಗಾರರಾಗಿ ಹೆಚ್ಚಿನ ಸಮಯ ಬೆಂಚಿನಲ್ಲೇ ಕಳೆದವರು, ನಿವೃತ್ತಿಯ ಬಳಿಕ ಲೂಸಿಯಾನದ ಒಂದು ಹೈಸ್ಕೂಲಿನಲ್ಲಿ ಕೋಚ್ ಆಗಿದ್ದವರು. 2018ರ ಫೆಬ್ರವರಿಯ ಸೂಪರ್ ಬೌಲ್‌ನಲ್ಲಿ, ಅಂದರೆ ಲೀಗಿನ ಫೈನಲ್‌ನಲ್ಲಿ, ಅವರು ಫಿಲಡೆಲ್ಫಿಯಾ ತಂಡದ ಕೋಚ್; ಮಧ್ಯಂತರಕ್ಕೆ ಸ್ವಲ್ಪ ಮುಂಚೆ, ಚೆಂಡನ್ನು ಒದ್ದು ಸುಲಭವಾಗಿ 3 ಅಂಕ ಪಡೆಯಬಹುದಾಗಿದ್ದಾಗ ಅವರು ಅದನ್ನು ಬಿಟ್ಟು, ಚೆಂಡು ಎಸೆಯಬೇಕಾದ ಕ್ವಾರ್ಟರ್‌ಬ್ಯಾಕ್ ನಿಕ್ ಫೋಲ್ಸ್‌ಗೇ ಚೆಂಡು ಹಿಡಿಯುವ ಕೆಲಸ ಕೊಟ್ಟ ತಂತ್ರಕ್ಕೆ ಒಪ್ಪಿಗೆಯಿತ್ತರು. ಅದು ಫಲಿಸಿತು; ಫಿಲಡೆಲ್ಫಿಯಾ 41-33ರಿಂದ ತನ್ನ ಮೊದಲ ಸೂಪರ್ ಬೌಲ್ ಗೆದ್ದಿತು. ಫೋಲ್ಸ್ ಕೂಡ ಗಾಯಾಳುವಿನ ಜಾಗಕ್ಕೆ ಬಂದ ಬದಲಿ ಆಟಗಾರ. ಬೆಂಚಿನ ಮೇಲಿರುವವನ ಯೋಗ್ಯತೆ ಬೆಂಚಿನಲ್ಲಿ ಕುಳಿತವರಿಗೇ ಗೊತ್ತು ಎಂದು ನನಗನ್ನಿಸುತ್ತದೆ.

ಧೈರ್ಯ ಪ್ರತಿ ಸಲವೂ ಕೈ ಹಿಡಿಯುವುದಿಲ್ಲ. 2008ರಲ್ಲಿ 16ಕ್ಕೆ 16 ಪಂದ್ಯ ಸೋತ ಡೆಟ್ರಾಯಿಟ್ ತಂಡದಲ್ಲಿದ್ದ ಡ್ಯಾನ್ ಕ್ಯಾಂಪ್‌ಬೆಲ್, 2021ರಿಂದ ಅದೇ ತಂಡದ ಕೋಚ್. 2024ರ ಜನವರಿಯ ಸೆಮಿಫೈನಲ್‌ನಂಥ ಪಂದ್ಯದಲ್ಲಿ 24-7ರಿಂದ ಮುಂದಿದ್ದೂ, ದ್ವಿತೀಯಾರ್ಧದಲ್ಲಿ ಎರಡು ಬಾರಿ 3 ಅಂಕದ ಒದೆತವನ್ನು ಕೈಬಿಟ್ಟು ಹೆಚ್ಚಿನದಕ್ಕೆ ಕೈಹಾಕಿ, 34-31ರಿಂದ ಸೋತರು. ಸೋಲಿನ ಅಂತರವೂ ಮೂರೇ ಅಂಕ! ಆದರೂ ನನ್ನ ಮೆಚ್ಚುಗೆ ಅವರಿಗೇ.

ಗೇಮ್ ಪಾಸ್‌ನಲ್ಲಿ ಪಂದ್ಯವನ್ನು ಸುಮಾರು 40 ನಿಮಿಷಕ್ಕೆ ಇಳಿಸಿದ ಆವೃತ್ತಿಯೂ ಇದೆ. ಸಮಯವಿಲ್ಲದವರಿಗೆ ಅನುಕೂಲ, ಆದರೆ ಕತ್ತರಿಸಿದ್ದು ಆಟಗಳ ನಡುವಿನ ಬಿಡುವನ್ನೇ, ಅಂದರೆ ಕೋಚ್‌ಗಳ ಮುಖವನ್ನು. ಹಾಗಾಗಿ ಪೂರ್ತಿ ಪಂದ್ಯವನ್ನೇ ನೋಡಬೇಕು.

ಭಾನುವಾರದ ಪಂದ್ಯಗಳು ನಮ್ಮಲ್ಲಿ ರಾತ್ರಿ 10.30ಕ್ಕೆ ಶುರುವಾಗಿ, ನವೆಂಬರ್‌ನಲ್ಲಿ ಅಲ್ಲಿಯ ಗಡಿಯಾರ ಬದಲಾದ ಮೇಲೆ 11.30ಕ್ಕೆ ಸರಿಯುತ್ತವೆ. ಅವರ ಭಾನುವಾರ ರಾತ್ರಿಯ ಪಂದ್ಯ ನಮಗೆ ಸೋಮವಾರ ಬೆಳಗಿನದು. ಅಡಿಕೆ ಸುಲಿಯುವ ಕಾಲದಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತು ನೋಡಲು ಇದೇ ಹೇಳಿ ಮಾಡಿಸಿದ ಹೊತ್ತು. ಮರ ಬಿದ್ದು ಫೈಬರ್ ಲೈನ್ ಹರಿದರೆ ಆ್ಯಪ್ ಏನೂ ಮಾಡಲಾರದು, ಮರುಪ್ರಸಾರಕ್ಕೆ ಕಾಯಬೇಕು. ಲೀಗ್ ನಡೆಯುವುದು ಸೆಪ್ಟೆಂಬರ್‌ನಿಂದ ಫೆಬ್ರವರಿವರೆಗೆ. ಚಂದಾ ಕಟ್ಟುವವರು ಮಳೆ ಸ್ವಲ್ಪ ಹಿಮ್ಮೆಟ್ಟಿದ ಮೇಲೆ ಸೆಪ್ಟೆಂಬರ್‌ನಲ್ಲೇ ಕಟ್ಟುವುದು ಒಳ್ಳೆಯದು.